ಸ್ನ್ಯಾಪಿ ಡ್ರೈವರ್ ಇನ್‌ಸ್ಟಾಲರ್ ಒರಿಜಿನ್: ವಿಂಡೋಸ್ ಹೊಸದಾಗಿ ಹಾಕಿದ ದಿನಕ್ಕೆ ಸರಿ, ತಿಂಗಳ ರೂಢಿಗೆ ಬೇಡ

ಮನೆಯ ಕಂಪ್ಯೂಟರಿಗೆ ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಎಷ್ಟೋ ಸಲ ಒಂದು ಪೇಚು ಎದುರಾಗುತ್ತದೆ: ಇಂಟರ್ನೆಟ್ ಬರಲು ನೆಟ್‌ವರ್ಕ್ ಡ್ರೈವರ್ (ಆ ಭಾಗವನ್ನು ವಿಂಡೋಸ್ ಬಳಸುವಂತೆ ಮಾಡುವ ಸಣ್ಣ ತಂತ್ರಾಂಶ) ಬೇಕು, ಆ ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಆರಿಸಿ ಜೋಡಿಸಿಕೊಂಡವರ ಬಳಿ ಮದರ್‌ಬೋರ್ಡಿನ ಜೊತೆ ಬಂದ ಸಿ.ಡಿ. ಇದ್ದರೂ, ಈಗಿನ ಕ್ಯಾಬಿನೆಟ್‌ಗಳಲ್ಲಿ ಅದನ್ನು ಹಾಕಲು ಡ್ರೈವ್ ಇರುವುದು ಅಪರೂಪ. ಸ್ನ್ಯಾಪಿ ಡ್ರೈವರ್ ಇನ್‌ಸ್ಟಾಲರ್ ಒರಿಜಿನ್ ನಿಜವಾಗಿ ನೆರವಿಗೆ ಬರುವುದು ಇಂತಹ ಹೊತ್ತಿನಲ್ಲಿ.

ಇದು ಉಚಿತ, ಮುಕ್ತ ಆಕರದ ತಂತ್ರಾಂಶ. ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲದೆ ಪೆನ್‌ಡ್ರೈವ್‌ನಿಂದಲೇ ನಡೆಯುತ್ತದೆ; ಹಾಗಾಗಿ ಇಂಟರ್ನೆಟ್ ಇರುವ ಇನ್ನೊಂದು ಕಂಪ್ಯೂಟರಿನಲ್ಲಿ ಮೊದಲೇ ಡ್ರೈವರ್‌ಗಳನ್ನು ಇಳಿಸಿಟ್ಟುಕೊಳ್ಳಬಹುದು. ಮೊದಲ ಸಲ ತೆರೆದಾಗ ಎಲ್ಲ ಡ್ರೈವರ್ ಪ್ಯಾಕ್‌ಗಳನ್ನೂ ಇಳಿಸಬೇಕೇ, ನೆಟ್‌ವರ್ಕಿನವು ಸಾಕೇ, ಅಥವಾ ಸೂಚಿ (ಯಾವ ಪ್ಯಾಕಿನಲ್ಲಿ ಏನಿದೆ ಎಂಬ ಪಟ್ಟಿ) ಮಾತ್ರ ಸಾಕೇ ಎಂದು ಕೇಳುತ್ತದೆ. ಇಡೀ ಸಂಗ್ರಹ ಹತ್ತಾರು ಜಿಬಿ ಆಗುವುದರಿಂದ, ಮನೆ ಬಳಕೆಗೆ ಎರಡನೆಯದೇ ಸಾಕು. ಇಳಿಸುವಿಕೆ ಟೊರೆಂಟ್ (ಬಳಕೆದಾರರ ಕಂಪ್ಯೂಟರ್‌ಗಳು ಪರಸ್ಪರ ಕಡತ ಹಂಚಿಕೊಳ್ಳುವ ವಿಧಾನ) ಮೂಲಕ ನಡೆಯುವ ಕಾರಣ, ಟೊರೆಂಟ್ ತಡೆಯುವ ಕಚೇರಿ ಅಥವಾ ಹಾಸ್ಟೆಲ್ ಜಾಲದಲ್ಲಿ ಕೆಲಸ ಅಲ್ಲಿಗೇ ನಿಂತುಬಿಡಬಹುದು.

ಕಂಪ್ಯೂಟರಿನ ಪ್ರತಿ ಭಾಗಕ್ಕೂ ಇರುವ ಗುರುತು ಸಂಖ್ಯೆಯನ್ನು ಓದಿ ತಂತ್ರಾಂಶ ಡ್ರೈವರ್ ಹುಡುಕುತ್ತದೆ. ಅದರಲ್ಲಿ ತಯಾರಕರ ಗುರುತು 10ಇಸಿ ಎಂದಿದ್ದರೆ ರಿಯಲ್‌ಟೆಕ್, 8086 ಎಂದಿದ್ದರೆ ಇಂಟೆಲ್ (ತನ್ನ ಹಳೆಯ ಪ್ರಸಿದ್ಧ ಚಿಪ್ಪಿನ ಅಂಕಿಯನ್ನೇ ಕಂಪನಿ ಗುರುತಾಗಿ ಉಳಿಸಿಕೊಂಡಿದೆ). ಪಟ್ಟಿಯ ಒಂದು ಸಾಲಿನ ಮೇಲೆ ಮೌಸ್ ಇಟ್ಟರೆ ಈಗಿರುವ ಡ್ರೈವರ್ ಮತ್ತು ಹಾಕಬಹುದಾದ ಡ್ರೈವರ್ ಎರಡರ ದಿನಾಂಕ, ಆವೃತ್ತಿ, ಗುರುತು ಸಂಖ್ಯೆಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ. ಈ ಕೆಲಸ ಮಾಡುವ ತಂತ್ರಾಂಶಗಳಲ್ಲಿ ಇಷ್ಟು ಬಿಚ್ಚಿ ತೋರಿಸುವವು ಕಡಿಮೆ. ಉಚಿತವಾಗಿ ತಪಾಸಣೆ ಮಾಡಿ, ಕೆಂಪು ಅಕ್ಷರಗಳಲ್ಲಿ ಹೆದರಿಸಿ, ಸರಿಪಡಿಸಲು ಹಣ ಕೇಳುವ ತಂತ್ರಾಂಶಗಳಿಗಿಂತ ಇದು ಎಷ್ಟೋ ಮೇಲು.

ಆದರೆ ಚೆನ್ನಾಗಿ ನಡೆಯುತ್ತಿರುವ ಕಂಪ್ಯೂಟರಿನಲ್ಲಿ ಇದನ್ನು ತೆರೆದು, ‘ಹೊಸದು’ ಎಂದು ತೋರಿಸಿದ್ದಕ್ಕೆಲ್ಲ ಟಿಕ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಡ್ರೈವರಿನ ಮೇಲಿನ ದಿನಾಂಕ ಅದರ ಯೋಗ್ಯತೆಯನ್ನು ಹೇಳುವುದಿಲ್ಲ. ಇಂಟೆಲ್ ತನ್ನ ಚಿಪ್‌ಸೆಟ್ (ಮದರ್‌ಬೋರ್ಡಿನ ಮುಖ್ಯ ಚಿಪ್‌ಗಳು) ಕಡತಗಳಿಗೆ ತಾನು ಸ್ಥಾಪನೆಯಾದ ದಿನವಾದ 1968ರ ಜುಲೈ 18ರ ದಿನಾಂಕವನ್ನೇ ಹಾಕುತ್ತದೆ. ಆ ಸಾಮಾನ್ಯ ಕಡತ ಬೇರೆ ನಿರ್ದಿಷ್ಟ ಡ್ರೈವರ್ ಅನ್ನು ತಳ್ಳಿ ತಾನು ಕೂರಬಾರದು ಎಂಬುದೇ ಇದರ ಉದ್ದೇಶ. ವಿಂಡೋಸ್ ಜೊತೆಯಲ್ಲೇ ಬರುವ ಮೈಕ್ರೋಸಾಫ್ಟಿನ ಎಷ್ಟೋ ಡ್ರೈವರ್‌ಗಳ ಮೇಲೂ ಹೀಗೆಯೇ 2006ರ ಜೂನ್ 21 ಎಂದಿರುತ್ತದೆ. ಇವನ್ನು ಕಂಡು ಗಾಬರಿಯಾಗಿ ಬದಲಾಯಿಸಲು ಹೊರಟರೆ ಲಾಭವೇನೂ ಇಲ್ಲ. ಲ್ಯಾಪ್‌ಟಾಪ್‌ಗಳಲ್ಲಂತೂ ಧ್ವನಿ ಮತ್ತು ಟಚ್‌ಪ್ಯಾಡ್ ಡ್ರೈವರ್‌ಗಳನ್ನು ತಯಾರಕರು ತಮ್ಮ ಮಾದರಿಗೆ ಹೊಂದಿಸಿರುತ್ತಾರೆ; ಅವುಗಳ ಜಾಗದಲ್ಲಿ ಸಾಮಾನ್ಯ ಆವೃತ್ತಿ ಕೂತರೆ, ಸಂಖ್ಯೆಯಲ್ಲಿ ಹೊಸದಾದರೂ ಕೆಲವು ಸೌಲಭ್ಯಗಳು ಹೋಗಬಹುದು.

ಹಾಗಾಗಿ ದಿನನಿತ್ಯದ ನವೀಕರಣಕ್ಕೆ ವಿಂಡೋಸ್ ಅಪ್‌ಡೇಟ್ ಸಾಕು. ಅದರಲ್ಲೂ ‘ಆಪ್ಷನಲ್ ಅಪ್‌ಡೇಟ್ಸ್’ ಒಳಗಿನ ಡ್ರೈವರ್‌ಗಳನ್ನು ಏನಾದರೂ ತೊಂದರೆ ಇದ್ದಾಗ ಮಾತ್ರ ಹಾಕಿಕೊಳ್ಳಬೇಕು. ಆಟ ಆಡುವವರು ಗ್ರಾಫಿಕ್ಸ್ ಡ್ರೈವರನ್ನು ಎನ್‌ವಿಡಿಯಾ, ಎಎಂಡಿ ಅಥವಾ ಇಂಟೆಲ್‌ನಿಂದಲೇ ನೇರವಾಗಿ ಪಡೆಯುವುದು ಒಳ್ಳೆಯದು.

ಸ್ನ್ಯಾಪಿಯಲ್ಲಿ ಡ್ರೈವರ್ ಹಾಕುವ ಮುನ್ನ ರಿಸ್ಟೋರ್ ಪಾಯಿಂಟ್ (ಏನಾದರೂ ಕೆಟ್ಟರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸುವ ಗುರುತು) ಮಾಡಿಕೊಳ್ಳುವ ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕದೆ ಮುಂದುವರಿಯಬಾರದು. ಇದಕ್ಕೆ ಬೇಕಾದ ವಿಂಡೋಸ್‌ನ ಸಿಸ್ಟಮ್ ಪ್ರೊಟೆಕ್ಷನ್ ಹಲವು ಕಂಪ್ಯೂಟರ್‌ಗಳಲ್ಲಿ ಆಫ್ ಆಗಿಯೇ ಇರುವುದರಿಂದ ಮೊದಲು ಅದನ್ನು ಆನ್ ಮಾಡಿಕೊಳ್ಳಬೇಕು. ಡಿವೈಸ್ ಮ್ಯಾನೇಜರಿನ ‘ರೋಲ್ ಬ್ಯಾಕ್ ಡ್ರೈವರ್’ ಗುಂಡಿಯನ್ನೇ ನಂಬಿ ಕೂರುವಂತಿಲ್ಲ. ಅದು ಹಿಂದಿನ ಡ್ರೈವರಿಗೆ ಮಾತ್ರ ಮರಳಿಸುತ್ತದೆ, ಹಿಂದಿನದು ಉಳಿದಿಲ್ಲದಿದ್ದರೆ ಒತ್ತಲೂ ಬರುವುದಿಲ್ಲ.