ಮತ್ತೆ ಮತ್ತೆ ಓದುವುದಾ, ಪುಸ್ತಕ ಮುಚ್ಚಿ ಬರೆಯುವುದಾ?

ಈ ಸಲದ ಇಂಟರ್ನಲ್ಸ್‌ಗೆ ಎರಡು ಪಾಠಗಳನ್ನು ಎರಡು ಬಗೆಯಲ್ಲಿ ಓದಿ ನೋಡಿದೆ. ಜೀವಕೋಶ ಗ್ಲೂಕೋಸ್ ಒಡೆಯುವ ಗ್ಲೈಕಾಲಿಸಿಸ್‌ನ 10 ಹಂತಗಳನ್ನು ನನ್ನ ಹಳೇ ಪದ್ಧತಿಯಂತೆ ಹಳದಿ ಹೈಲೈಟರ್ ಹಿಡಿದು ನಾಲ್ಕು ಸಲ ಓದಿದೆ. ಅದರ ಮುಂದಿನ ಘಟ್ಟವಾದ ಕ್ರೆಬ್ಸ್ ಚಕ್ರದ 8 ಹಂತಗಳನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆದೆ. ಎರಡಕ್ಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಜಾಗವೂ ಒಂದೇ, ವಿಜಯನಗರದ ನಮ್ಮ ಪಿಜಿ ಮಹಡಿ.

ಓದುವುದು ಹಾಯಾಗಿತ್ತು. ಮೂರನೇ ಸಲಕ್ಕೆ ಮುಂದಿನ ಸಾಲು ತಾನಾಗಿ ಬಾಯಿಗೆ ಬರುತ್ತಿತ್ತು. 'ಬಂದ್ಬಿಡ್ತು' ಅಂದುಕೊಂಡು ಟೀ ಕುಡಿಯಲು ಇಳಿದೆ.

ಬರೆಯುವುದು ಮಾತ್ರ ಹಿಂಸೆ. ಚಕ್ರದಲ್ಲಿ ಬರುವ ಸಕ್ಸಿನೇಟ್ ಅನ್ನೋ ವಸ್ತುವಿನ ಹತ್ತಿರ ಪೆನ್ನು ನಿಂತಿತು. ಅಂದಾಜಿನ ಮೇಲೆ ಮ್ಯಾಲೇಟ್ ಅಂತ ಬರೆದೆ. ಪುಸ್ತಕ ತೆರೆದರೆ ನಡುವೆ ಫ್ಯೂಮರೇಟ್ ಕೂತಿದೆ! ಎರಡನೇ ಸಲವೂ ಅದನ್ನೇ ಬಿಟ್ಟೆ. ಸಿಟ್ಟು ಬಂತು. ಮೂರನೇ ಸಲ ಬಿಡಲಿಲ್ಲ.

ಒಂದು ವಾರದ ಮೇಲೆ ಮೆಟ್ರೊದಲ್ಲಿ ನಿಂತುಕೊಂಡೇ ಪರೀಕ್ಷೆ ಮಾಡಿಕೊಂಡೆ. ನಾಯಂಡಹಳ್ಳಿ ಬರುವಷ್ಟರಲ್ಲಿ ಕ್ರೆಬ್ಸ್ ಪೂರ್ತಿ ಒಂದು ಸುತ್ತು ಮುಗಿದಿತ್ತು. ಗ್ಲೈಕಾಲಿಸಿಸ್? ಹಳದಿ ಗೆರೆ ಪುಟದ ಯಾವ ಮೂಲೆಯಲ್ಲಿತ್ತು ಅನ್ನೋದು ನೆನಪಿತ್ತು. ಅಲ್ಲಿ ಏನು ಬರೆದಿತ್ತು ಅನ್ನೋದು ಇಲ್ಲ.

'ಹತ್ತಕ್ಕಿಂತ ಎಂಟು ಸುಲಭ ಅಲ್ವಾ?' ಅಂತ ರೂಮ್‌ಮೇಟ್ ತಕರಾರು. ಸರಿ, ನನ್ನ ಲೆಕ್ಕ ಬಿಡಿ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನೇ ಸರಿಯಾಗಿ ಅಳೆದಿದ್ದಾರೆ. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದರೆ ಅವರಿಗೆ ಉಳಿದದ್ದು ಶೇ. 40, ನೆನಪಿನಿಂದ ಬರೆದವರಿಗೆ ಶೇ. 61. ತಮಾಷೆ ಅಂದರೆ, ಜಾಸ್ತಿ ನೆನಪಿರುತ್ತದೆ ಅಂತ ನಂಬಿದ್ದವರು ಓದಿದವರೇ. 2009ರಲ್ಲಿ ಅದೇ ತಂಡ 177 ವಿದ್ಯಾರ್ಥಿಗಳನ್ನು ಹೇಗೆ ಓದುತ್ತೀರಿ ಅಂತ ಕೇಳಿತು. ಶೇ. 84 ಮಂದಿ ನೋಟ್ಸ್ ಮತ್ತೆ ಓದುವವರು. ನೆನಪಿಸಿಕೊಂಡು ನೋಡುವವರು ಬರೀ ಶೇ. 11.

ಗ್ರೂಪ್ ಸ್ಟಡಿಯನ್ನೂ ಸೇರಿಸಬೇಕಿತ್ತು. ಆದರೆ ನಮ್ಮ ಗುಂಪಿನಲ್ಲಿ ಓದು ಶುರುವಾಗುವ ಮೊದಲೇ ದೋಸೆ ಬರುತ್ತದೆ.

ಹಾಗಂತ ಬರೆಯುವುದೇ ಎಲ್ಲಕ್ಕೂ ಮದ್ದಲ್ಲ. ಅರ್ಥವೇ ಆಗದ ಪಾಠಕ್ಕೆ ಪುಸ್ತಕ ಮುಚ್ಚಿದರೆ ಹಾಳೆ ಖಾಲಿ, ತಲೆಯೂ ಖಾಲಿ. ಮೊದಲು ಒಂದೆರಡು ಸಲ ನಿಧಾನಕ್ಕೆ ಓದಲೇಬೇಕು.

ನಿನ್ನೆ ರಾತ್ರಿ ಮಹಡಿಯಲ್ಲಿ ಬರೆಯುತ್ತಿದ್ದೆ. ಪಿಜಿ ಆಂಟಿ ಒಣಗಿದ ಬಟ್ಟೆ ತೆಗೆಯಲು ಬಂದರು. ಮುಚ್ಚಿದ ಪುಸ್ತಕ ನೋಡಿ, 'ಯಾಕಪ್ಪಾ, ಇವತ್ತು ಓದೋದಿಲ್ವಾ?' ಅಂದರು.