ಚಿಕ್ಕಮಗಳೂರಿನ ಅಂಗಡಿಯ ಕೆಂಪು ಡಬ್ಬಿ: ಲ್ಯಾಕರ್ ಅಲ್ಲ, ರೆಸಿನ್

ಇಲ್ಲಿನ ಕರಕುಶಲ ಅಂಗಡಿಯೊಂದರಲ್ಲಿ ‘ಚೀನಾದ ಕೆತ್ತನೆ ಲ್ಯಾಕರ್’ ಎಂದು ಮಾರುತ್ತಿರುವ ಅಂಗೈಯಗಲದ ಡಬ್ಬಿ ಅಚ್ಚಿಗೆ ಸುರಿದ ರೆಸಿನ್ (ಪ್ಲಾಸ್ಟಿಕ್‌ನಂಥ ವಸ್ತು). ಅದರ ಮೇಲಿನ ಹೂವಿನ ಎಸಳುಗಳ ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಗಳಿವೆ, ಪಕ್ಕದಲ್ಲಿ ಅಚ್ಚು ಕೂಡಿದ ಗೆರೆಯಿದೆ.

ಅಸಲಿ ಕೆಲಸವೇ ಬೇರೆ. ನಮ್ಮ ಚನ್ನಪಟ್ಟಣದ ಅರಗು ಕೀಟದ್ದು. ಚೀನಾದ ಲ್ಯಾಕರ್ ಎಂದರೆ ಮರದಿಂದ ಇಳಿಸಿದ ಹಾಲು. ಅದಕ್ಕೆ ಇಂಗುಲೀಕ (ಕೆಂಪು ಬಣ್ಣದ ಖನಿಜ) ಬೆರೆಸಿ ತೆಳ್ಳಗೆ ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಲೇಪ ಕೊಡುತ್ತಾರೆ. ಅದು ಗಟ್ಟಿಯಾಗಲು ಬಿಸಿಲಲ್ಲ, ಶೇ. 70–80 ತೇವಾಂಶ ಬೇಕು, ಮಲೆನಾಡಿನ ಮಳೆಗಾಲದ ಗಾಳಿಯಂತೆ. ಅವಸರಪಟ್ಟು ದಪ್ಪಗೆ ಬಳಿದರೆ ಮೇಲೆ ಕೆನೆಗಟ್ಟಿ, ಒಳಗೆ ಹಸಿಯಾಗಿಯೇ ಉಳಿದು ಸುಕ್ಕಾಗುತ್ತದೆ. ಎಲ್ಲ ಲೇಪ ಮುಗಿದ ಮೇಲಷ್ಟೇ ಕೆತ್ತನೆ. ಚೀನಾದ ಮಿಂಗ್ ವಂಶದ ದೊರೆ ಯೊಂಗ್‌ಲೆ ಕಾಲದ (1403–1424) ಡಬ್ಬಿಗಳಲ್ಲಂತೂ ಕೆತ್ತಿದ ಅಂಚನ್ನು ಉಜ್ಜಿ ಮೃದುವಾಗಿಸಿರುವ ಚೆಂದವೇ ಚೆಂದ!

ಬಳೆ ಇಡಲು ಬೇಕಿದ್ದರೆ ಕೊಳ್ಳಿ. ಲ್ಯಾಕರಿನ ಬೆಲೆ ಮಾತ್ರ ಕೊಡಬೇಡಿ.