ಬ್ರೌಸರ್ ‘ಸುರಕ್ಷಿತವಲ್ಲ’ ಅಂದ ಕಡೆ ಪಾಸ್‌ವರ್ಡ್ ಹಾಕಬೇಡಿ, ವೆಬ್‌ಸೈಟ್‌ನವರು ಏನೇ ಹೇಳಲಿ

ದುಡ್ಡು ಕಟ್ಟಿ ಸದಸ್ಯರಾಗಬೇಕಾದ ಒಂದು ವೆಬ್‌ಸೈಟ್. ಲಾಗಿನ್ ಪುಟ ತೆರೆದರೆ ವಿಳಾಸದ ಪಕ್ಕದಲ್ಲಿ ಕ್ರೋಮ್ ‘ಸುರಕ್ಷಿತವಲ್ಲ’ ಅಂತ ತೋರಿಸುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪಾಸ್‌ವರ್ಡ್ ಖಾನೆ ಒತ್ತಿದ ಕೂಡಲೇ ಅದರ ಕೆಳಗೇ ಎಚ್ಚರಿಕೆ ಬರುತ್ತದೆ. ಅದೇ ಖಾನೆಯ ಪಕ್ಕದಲ್ಲಿ ಒಂದು ಹಸಿರು ಬೀಗ, ‘100% ಸುರಕ್ಷಿತ’ ಅನ್ನುವ ಬರಹ. ಆ ಬೀಗದ ಮೇಲೆ ಬಲ ಕ್ಲಿಕ್ ಮಾಡಿ ನೋಡಿ, ‘ಚಿತ್ರ ಉಳಿಸಿ’ ಅಂತ ಬರುತ್ತದೆ. ಬರೀ ಚಿತ್ರ! ಬ್ರೌಸರ್ ಕೊಟ್ಟ ಗುರುತಲ್ಲ, ಅವರೇ ಅಂಟಿಸಿಕೊಂಡದ್ದು. ದುಡ್ಡು ಕಟ್ಟಿದ ಮೇಲೆ ಇದು ಕಣ್ಣಿಗೆ ಬಿದ್ದರೆ ಸಿಟ್ಟೂ ಬರುತ್ತದೆ, ನಾಚಿಕೆಯೂ ಆಗುತ್ತದೆ.

ಸಹಾಯ ವಿಭಾಗಕ್ಕೆ ಬರೆದಾಗ ಬಂದ ಮೊದಲ ಉತ್ತರ: ‘ಅದು ಬ್ರೌಸರ್ ಸಮಸ್ಯೆ, ಬೇರೆ ಬ್ರೌಸರ್ ಬಳಸಿ.’ ಸುಳ್ಳು. ಎಚ್‌ಟಿಟಿಪಿ ಅಂದರೆ ಪುಟ ಬಯಲಲ್ಲೇ ಓಡಾಡುವ ದಾರಿ, ನಡುವೆ ಇರುವವರು ಓದಬಹುದು, ತಿದ್ದಬಹುದು; ಎಚ್‌ಟಿಟಿಪಿಎಸ್ ಅಂದರೆ ಎನ್‌ಕ್ರಿಪ್ಟ್ ಆದ, ಅಂದರೆ ಗುಟ್ಟಾಗಿ ಮುಚ್ಚಿದ ದಾರಿ. ಪಾಸ್‌ವರ್ಡ್ ಖಾನೆ ಇರುವ ಎಚ್‌ಟಿಟಿಪಿ ಪುಟಕ್ಕೆ 2017ರ ಜನವರಿಯ ಕ್ರೋಮ್ 56ರಿಂದಲೇ ಈ ಗುರುತು ಬೀಳುತ್ತಿದೆ. 2018ರ ಜುಲೈನ ಕ್ರೋಮ್ 68ರಿಂದ ಎಲ್ಲ ಎಚ್‌ಟಿಟಿಪಿ ಪುಟಗಳಿಗೂ ಬೀಳುತ್ತಿದೆ. ಇಷ್ಟು ವರ್ಷ ಕಣ್ಣಿಗೆ ಹೊಡೆಯುವ ಹಾಗೆ ಇದ್ದದ್ದನ್ನು ಬ್ರೌಸರ್ ತಲೆಗೆ ಕಟ್ಟುತ್ತಾರೆ.

ಎರಡನೇ ಉತ್ತರವೇ ಅಪಾಯಕಾರಿ, ಯಾಕಂದರೆ ಅದರಲ್ಲಿ ಅರ್ಧ ನಿಜ ಇದೆ. ‘ಪುಟ ಮಾತ್ರ ಎಚ್‌ಟಿಟಿಪಿ, ಫಾರ್ಮ್ ಹೋಗುವುದು ಎಚ್‌ಟಿಟಿಪಿಎಸ್‌ಗೆ. ಪಾಸ್‌ವರ್ಡ್ ಎನ್‌ಕ್ರಿಪ್ಟ್ ಆಗಿಯೇ ಬರುತ್ತದೆ, ಎಚ್ಚರಿಕೆಯನ್ನು ಕಡೆಗಣಿಸಿ.’ ಪರೀಕ್ಷಿಸುವುದು ಸುಲಭ. ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, ಲಾಗ್ ಅಳಿಯದಂತೆ ಇಡುವ ಆಯ್ಕೆಗೆ ಟಿಕ್ ಹಾಕಿ, ಯಾವುದೋ ಸುಳ್ಳು ಪಾಸ್‌ವರ್ಡ್ ಕೊಟ್ಟು ಲಾಗಿನ್ ಒತ್ತಿ. ಫಾರ್ಮ್‌ನಲ್ಲಿ ತುಂಬಿದ್ದನ್ನು ಹೊತ್ತೊಯ್ಯುವ ಪೋಸ್ಟ್ ಕೋರಿಕೆಯ ವಿಳಾಸ ಎಚ್‌ಟಿಟಿಪಿಯಿಂದ ಶುರುವಾಗುತ್ತದೋ ಎಚ್‌ಟಿಟಿಪಿಎಸ್‌ನಿಂದಲೋ ಅನ್ನುವುದನ್ನು ಮಾತ್ರ ನೋಡಿ. (ಅಲ್ಲಿ ಪಾಸ್‌ವರ್ಡ್ ಓದಲು ಸಿಕ್ಕರೆ ಗಾಬರಿ ಬೇಡ, ಎಚ್‌ಟಿಟಿಪಿಎಸ್ ಇದ್ದರೂ ಆ ಜಾಗದಲ್ಲಿ ಹಾಗೇ ಕಾಣುತ್ತದೆ.)

ಹೌದು, ಇವರ ಫಾರ್ಮ್ ಎಚ್‌ಟಿಟಿಪಿಎಸ್‌ಗೇ ಹೋಗುತ್ತದೆ. ಆದರೆ ಆ ಫಾರ್ಮ್ ಹೊತ್ತು ತಂದ ಪುಟ ತೆರೆದ ದಾರಿಯಲ್ಲಿ ಬಂತಲ್ಲ! ಸಾರ್ವಜನಿಕ ವೈಫೈನಲ್ಲೋ, ಕೆಟ್ಟ ರೌಟರ್‌ನಲ್ಲೋ ನಡುವೆ ಕೂತವನು ಫಾರ್ಮ್‌ನ ವಿಳಾಸ ಬದಲಿಸಬಹುದು, ಒಂದು ಸಾಲು ಜಾವಾಸ್ಕ್ರಿಪ್ಟ್ ಸೇರಿಸಿ ಒತ್ತಿದ ಅಕ್ಷರವನ್ನೆಲ್ಲ ತನ್ನ ಕಡೆ ತರಿಸಿಕೊಳ್ಳಬಹುದು. ನೋಡುವವರಿಗೆ ಅದೇ ಪುಟ, ಅದೇ ಹಸಿರು ಬೀಗ. ಲಾಗಿನ್ ಆದ ಮೇಲೆ ಇನ್ನೂ ಕೆಟ್ಟದ್ದು ಕಾದಿದೆ: ಮತ್ತೆ ಎಚ್‌ಟಿಟಿಪಿ ಪುಟಕ್ಕೇ ಕಳಿಸುತ್ತಾರೆ. ಲಾಗಿನ್ ಆದವರು ನೀವೇ ಅಂತ ಸೈಟ್‌ಗೆ ತಿಳಿಸುವ ಚೀಟಿ, ಅಂದರೆ ಸೆಷನ್ ಕುಕೀಗೆ, ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಕಳಿಸು ಅನ್ನುವ ‘ಸೆಕ್ಯೂರ್’ ಗುರುತಿಲ್ಲ, ಹಾಗಾಗಿ ಪ್ರತಿ ಕ್ಲಿಕ್‌ಗೂ ಅದು ಬಯಲಲ್ಲೇ ಓಡಾಡುತ್ತದೆ. ಅದನ್ನು ಹಿಡಿದವನಿಗೆ ಪಾಸ್‌ವರ್ಡೇ ಬೇಡ, ನೇರ ಖಾತೆಯೊಳಗೆ. 2010ರಲ್ಲೇ ಫೈರ್‌ಶೀಪ್ ಅನ್ನುವ ಫೈರ್‌ಫಾಕ್ಸ್ ಎಕ್ಸ್‌ಟೆನ್ಶನ್ ಇದನ್ನು ಎಲ್ಲರ ಕಣ್ಣೆದುರು ಮಾಡಿ ತೋರಿಸಿತ್ತು.

ಇದನ್ನೆಲ್ಲ ವಿವರಿಸಿ ಬರೆದರೆ ಮೂರನೇ ಉತ್ತರ: ‘ಎಲ್ಲ ಪುಟಕ್ಕೂ ಎಚ್‌ಟಿಟಿಪಿಎಸ್ ಹಾಕಿದರೆ ಖರ್ಚು ಜಾಸ್ತಿ.’ ಯಾವ ಖರ್ಚು? ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರ ಆಗಲೇ ಇದೆ, ಫಾರ್ಮ್ ಅದರಲ್ಲೇ ಓಡುತ್ತಿದೆ. ಇಲ್ಲದಿದ್ದರೂ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ 2015ರ ಕೊನೆಯಿಂದ ಪುಕ್ಕಟೆ ಕೊಡುತ್ತಿದೆ. ಮಾಡಬೇಕಾದದ್ದು ಇಷ್ಟೇ: 80ನೇ ಪೋರ್ಟ್‌ಗೆ, ಅಂದರೆ ಎಚ್‌ಟಿಟಿಪಿ ಬಾಗಿಲಿಗೆ ಬಂದವರನ್ನು 301 (ವಿಳಾಸ ಕಾಯಂ ಬದಲಾಗಿದೆ ಅನ್ನುವ ಸಂಕೇತ) ಕೊಟ್ಟು ಎಚ್‌ಟಿಟಿಪಿಎಸ್‌ಗೆ ಕಳಿಸುವುದು, ಕುಕೀಗೆ ಸೆಕ್ಯೂರ್ ಗುರುತು, ಎಲ್ಲ ಸರಿ ಓಡುತ್ತಿದೆ ಅಂತ ಖಚಿತವಾದ ಮೇಲೆ ಇನ್ನು ಮುಂದೆ ಎಚ್‌ಟಿಟಿಪಿಎಸ್‌ನಲ್ಲೇ ಬಾ ಅಂತ ಬ್ರೌಸರ್‌ಗೆ ಹೇಳುವ ಎಚ್‌ಎಸ್‌ಟಿಎಸ್ ಹೆಡರ್. ಮಾಡುವ ಮನಸ್ಸಿಲ್ಲ, ಅಷ್ಟೇ.

ತಲೆ ಕೆಟ್ಟದ್ದು ಆಮೇಲೆ. ‘ಪಾಸ್‌ವರ್ಡ್ ಮರೆತಿದ್ದೀರಾ’ ಒತ್ತಿದರೆ ಹೊಸದನ್ನು ಇಡುವ ಲಿಂಕ್ ಬರಬೇಕು. ಇವರಿಂದ ಬಂದದ್ದು ಹಳೇ ಪಾಸ್‌ವರ್ಡ್, ಅಕ್ಷರಕ್ಕೆ ಅಕ್ಷರ, ಇಮೇಲ್‌ನಲ್ಲಿ! ಅಂದರೆ ಅದನ್ನು ಬಿಕ್ರಿಪ್ಟ್, ಆರ್ಗಾನ್2 ಥರದ ವಿಧಾನದಲ್ಲಿ ಹ್ಯಾಶ್ ಮಾಡಿ, ಅಂದರೆ ಮತ್ತೆ ಮೂಲಕ್ಕೆ ತಿರುಗಿಸಲಾಗದ ಹಾಗೆ ಮಾಡಿ ಇಟ್ಟಿಲ್ಲ, ಮರಳಿ ಓದುವ ಹಾಗೇ ಇಟ್ಟಿದ್ದಾರೆ. ಡೇಟಾಬೇಸ್ ಸೋರಿದ ದಿನ ಎಲ್ಲರದ್ದೂ ಬೀದಿಗೆ. ಇದಕ್ಕೆ ಅವರ ಉತ್ತರ: ‘ಗ್ರಾಹಕರ ಅನುಕೂಲಕ್ಕಾಗಿ.’ ದುಡ್ಡು ವಾಪಸ್ ಕೇಳಿದರೆ: ‘ನಿಯಮದಲ್ಲಿ ಅವಕಾಶವಿಲ್ಲ.’

ದುಡ್ಡು ಕಟ್ಟುವ ಮೊದಲೇ ಲಾಗಿನ್ ಪುಟ ತೆರೆದು ವಿಳಾಸ ನೋಡಿ. ಫೈರ್‌ಫಾಕ್ಸ್‌ನಲ್ಲಿ ಎಚ್‌ಟಿಟಿಪಿಎಸ್ ಮಾತ್ರ ಅನ್ನುವ ಮೋಡ್, ಕ್ರೋಮ್‌ನ ಭದ್ರತೆ ವಿಭಾಗದಲ್ಲಿ ಯಾವಾಗಲೂ ಸುರಕ್ಷಿತ ಸಂಪರ್ಕ ಬಳಸುವ ಆಯ್ಕೆ, ಎರಡನ್ನೂ ಈಗಲೇ ಆನ್ ಮಾಡಿಡಿ. ಈಗಾಗಲೇ ಸಿಕ್ಕಿಬಿದ್ದಿದ್ದರೆ, ಅದೇ ಪಾಸ್‌ವರ್ಡ್ ಇರುವ ಬೇರೆ ಖಾತೆಗಳಲ್ಲಿ ಮೊದಲು ಬದಲಿಸಿ, ಇಮೇಲ್ ಖಾತೆ ಎಲ್ಲಕ್ಕಿಂತ ಮುಂಚೆ. ಆಮೇಲೆ ಈ ಕೆಟ್ಟ ವೆಬ್‌ಸೈಟ್‌ಗೆ ಬಂದು, ಇನ್ನೆಲ್ಲೂ ಬಳಸದ ಏನೋ ಒಂದು ಅಡ್ಡಾದಿಡ್ಡಿ ಪಾಸ್‌ವರ್ಡ್ ಇಟ್ಟು ಖಾತೆ ಮುಚ್ಚಿಸಿ.